ಮುದಿ ನಾಯಿಯ ಹಲ್ಲಿನ ಶಸ್ತ್ರಕ್ರಿಯೆ: ಮೇಜಿನ ಮೇಲಿನ ಎರಡು ಗಂಟೆ, ಅದರ ಹಿಂದುಮುಂದಿನ ಎರಡು ವಾರ

ಎಲ್ಲರಿಗೂ ನಮಸ್ಕಾರ.

ನಾಯಿಗೆ ಹತ್ತು ಹನ್ನೆರಡು ವರ್ಷ ದಾಟಿದ ಮೇಲೆ ಡಾಕ್ಟರು ಬಾಯಿ ನೋಡಿ "ಹಲ್ಲು ಕೀಳಬೇಕಾಗುತ್ತೆ" ಅಂದರೆ, ಮನೆಯವರು ಕೇಳುವ ಮೊದಲ ಮಾತು: "ಈ ವಯಸ್ಸಲ್ಲಿ ಅರಿವಳಿಕೆ ತಡ್ಕೊಳ್ಳುತ್ತಾ?" ಹೆದರಿಕೆ ಸಹಜವೇ. ಆದರೆ ಅದಕ್ಕೊಂದು ಅಳತೆ ಇರಲಿ. ಬ್ರಿಟನ್ನಿನಲ್ಲಿ 2002ರಿಂದ 2004ರವರೆಗೆ 98,000ಕ್ಕೂ ಹೆಚ್ಚು ನಾಯಿಗಳ ಅರಿವಳಿಕೆಯ ಲೆಕ್ಕ ಇಟ್ಟರು. ಒಟ್ಟಾರೆ ಸಾವು ಶೇ 0.17. ಆರೋಗ್ಯವಾಗಿದ್ದ ನಾಯಿಗಳನ್ನಷ್ಟೇ ತೆಗೆದುಕೊಂಡರೆ ಶೇ 0.05, ಮೊದಲೇ ಕಾಯಿಲೆ ಇದ್ದವುಗಳಲ್ಲಿ ಶೇ 1.33. ಇಪ್ಪತ್ತೈದು ಪಟ್ಟು ವ್ಯತ್ಯಾಸ. ವಯಸ್ಸಿನಿಂದಲೂ ಅಪಾಯ ಹೆಚ್ಚುವುದು ನಿಜ. ಆದರೆ ಹೆಚ್ಚು ತೂಗುವುದು ವಯಸ್ಸಿನ ಜೊತೆ ಒಳಗೆ ಸೇರಿಕೊಂಡಿರುವ ಕಾಯಿಲೆ. ಅದನ್ನು ಮೊದಲೇ ಪತ್ತೆ ಮಾಡಬಹುದು.

ಆ ಲೆಕ್ಕದಲ್ಲೇ ಇನ್ನೊಂದು ಸಂಗತಿ ಇದೆ, ಯಾಕೋ ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಸತ್ತ ನಾಯಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸತ್ತದ್ದು ಮೇಜಿನ ಮೇಲಲ್ಲ, ಶಸ್ತ್ರಕ್ರಿಯೆ ಮುಗಿದ ಮೇಲೆ. ಅದರಲ್ಲೂ ಬಹುಪಾಲು ಮೊದಲ 3 ಗಂಟೆಗಳಲ್ಲಿ. ಉಸಿರಿನ ನಳಿಗೆ ತೆಗೆದಾಯಿತು, ಕಣ್ಣು ಬಿಟ್ಟಿತು, ಗಂಡಾಂತರ ಕಳೆಯಿತು ಎಂದು ಎಲ್ಲರೂ ಉಸಿರು ಬಿಡುವ ಹೊತ್ತು ಅದು.

ಎಳೆಯ ನಾಯಿಯ ಮೈಯಲ್ಲಿ ಕಸುವಿನ ಉಳಿಕೆ ಇರುತ್ತದೆ. ಸ್ವಲ್ಪ ಚಳಿ ಹಿಡಿದರೆ ನಡುಗಿ ಬಿಸಿ ಮಾಡಿಕೊಳ್ಳುತ್ತದೆ, ಬೀಪಿ ತುಸು ಇಳಿದರೆ ಮೂತ್ರಪಿಂಡ ಸುಧಾರಿಸಿಕೊಳ್ಳುತ್ತದೆ, ಒಂದು ದಿನ ಉಪವಾಸ ಬಿದ್ದರೆ ಏನೂ ಆಗದು. ನಮ್ಮ ಸಣ್ಣಪುಟ್ಟ ತಪ್ಪುಗಳನ್ನೆಲ್ಲ ಆ ಮೈ ನುಂಗಿಕೊಂಡುಬಿಡುತ್ತದೆ. ಮುದಿ ನಾಯಿಯ ಮೈ ನುಂಗುವುದಿಲ್ಲ. ಇವತ್ತು ಹೇಳುವುದೆಲ್ಲ ಈ ಉಳಿಕೆಯ ಸುತ್ತಲೇ.

ಮೊದಲು ಬಾಯಿ. ಬೆಳೆದ ನಾಯಿಗೆ 42 ಹಲ್ಲು. ಊಟವಾದ ಕೆಲವೇ ಗಂಟೆಗಳಲ್ಲಿ ಹಲ್ಲಿನ ಮೇಲೆ ಬ್ಯಾಕ್ಟೀರಿಯಾದ ಅಂಟುಪೊರೆ ಕೂರುತ್ತದೆ. ಅದಕ್ಕೆ ಪ್ಲಾಕ್ ಎನ್ನುತ್ತೇವೆ. ತಿಕ್ಕದೆ ಬಿಟ್ಟರೆ ಎರಡು ಮೂರು ದಿನದಲ್ಲಿ ಜೊಲ್ಲಿನ ಸುಣ್ಣದಂಶ ಹಿಡಿದು ಗಟ್ಟಿಯಾಗುತ್ತದೆ. ಕಂದು ಬಣ್ಣದ ಟಾರ್ಟರ್ ಅದೇ. ಕಣ್ಣಿಗೆ ಕಾಣುವ ಈ ಕಿಟ್ಟ ಅಸಹ್ಯವಷ್ಟೇ. ಕೆಡುಕು ಇರುವುದು ವಸಡಿನ ಒಳಗೆ ಇಳಿದ ಪ್ಲಾಕ್‌ನಲ್ಲಿ. ನಾಯಿಯ ವಸಡಿಗೂ ಹಲ್ಲಿಗೂ ನಡುವಿನ ಸಂದಿ 3 ಮಿ.ಮೀ.ವರೆಗೆ ಇದ್ದರೆ ಸರಿ. ಅದಕ್ಕಿಂತ ಆಳಕ್ಕೆ ಅಳತೆ ಕಡ್ಡಿ ಇಳಿಯಿತೆಂದರೆ ಹಲ್ಲನ್ನು ಹಿಡಿದಿರುವ ಮೂಳೆ ಕರಗುತ್ತಿದೆ ಎಂದರ್ಥ. ಹಿಡಿತ ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ ಅದು ನಾಲ್ಕನೇ ಹಂತ. ಆಗ ಸಾಮಾನ್ಯವಾಗಿ ಕೀಳುವುದೊಂದೇ ದಾರಿ.

"ಊಟ ಮಾಡ್ತಾನೇ ಇದೆಯಲ್ಲ, ನೋವಿಲ್ಲ ಬಿಡಿ" ಎನ್ನುವವರಿದ್ದಾರೆ. ನಾಯಿ ಹಲ್ಲುನೋವಿಗೆ ಊಟ ಬಿಡುವುದು ತೀರಾ ಕೊನೆಗೆ. ಅದಕ್ಕೂ ಮುಂಚೆ ಒಂದೇ ಕಡೆ ಅಗಿಯುತ್ತದೆ, ಒಣ ಆಹಾರದ ಕಾಳು ಬಾಯಿಂದ ಬೀಳಿಸುತ್ತದೆ, ಅಗಿಯದೆ ನುಂಗುತ್ತದೆ, ಗಟ್ಟಿ ತಿನಿಸು ಕೊಟ್ಟರೆ ತೆಗೆದುಕೊಂಡು ಹೋಗಿ ಮೂಲೆಯಲ್ಲಿ ಇಟ್ಟುಬರುತ್ತದೆ. ಬಟ್ಟಲಿನ ಹತ್ತಿರ ಬಂದು ಮುಖ ತಿರುಗಿಸುತ್ತದೆ. ಕಣ್ಣಿನ ಕೆಳಗೆ ಊದಿಕೊಂಡು ಒಡೆದರೆ ಕಣ್ಣಿನ ಕಾಯಿಲೆ ಅಂದುಕೊಳ್ಳಬೇಡಿ. ಬಹುತೇಕ ಸಲ ಅದು ಮೇಲ್ದವಡೆಯ ನಾಲ್ಕನೇ ಮುಂದವಡೆ ಹಲ್ಲಿನ ಬೇರಿನ ಕೀವು. ಮೂರು ಬೇರಿನ, ಮೇಲ್ದವಡೆಯಲ್ಲೇ ಅತಿ ದೊಡ್ಡ ಅಗಿಯುವ ಹಲ್ಲು ಅದು.

ಪರದೆಯ ಮೇಲಿರುವ ಈ ಎಕ್ಸ್-ರೇ ನೋಡಿ. ಸಣ್ಣ ತಳಿಯ ನಾಯಿಯ ಕೆಳದವಡೆ. ಎರಡು ಬೇರು ಚಾಚಿಕೊಂಡು ನಿಂತಿರುವುದು ಮೊದಲ ದವಡೆಹಲ್ಲು. ಬೇರಿನ ಸುತ್ತ ಬೆಳ್ಳಗೆ ಮೂಳೆ ಕಾಣಬೇಕಿತ್ತು. ಹಿಂದಿನ ಬೇರಿನ ಸುತ್ತ ತುದಿಯವರೆಗೂ ಕಪ್ಪು. ಬೇರಿನ ತುದಿಯಿಂದ ದವಡೆಯ ಅಂಚಿಗೆ ಉಳಿದಿರುವುದು ಈ ತೆಳು ಬಿಳಿ ಗೆರೆಯಷ್ಟೇ. ಇಂಥ ದವಡೆ ಆಟಿಕೆ ಎಳೆಯುವಾಗ, ಸೋಫಾದಿಂದ ಹಾರಿದಾಗ ತಾನಾಗಿಯೇ ಮುರಿಯಬಹುದು. ಹಲ್ಲು ಕೀಳುವವರ ಕೈಯಲ್ಲೂ ಮುರಿಯಬಹುದು. ಹೊರಗಿನಿಂದ ನೋಡಿದರೆ ಈ ಹಲ್ಲು ಸ್ವಲ್ಪ ಕಂದು ಬಣ್ಣ, ಅಷ್ಟೇ. ಅದಕ್ಕೇ ಹೇಳುವುದು: ಬಾಯೊಳಗಿನ ಎಕ್ಸ್-ರೇ ಇಲ್ಲದ ಕಡೆ ಮುದಿ ನಾಯಿಯ ಹಲ್ಲು ಕೀಳಿಸಬೇಡಿ. ಹಲ್ಲಿನ ಅರ್ಧಕ್ಕಿಂತ ಹೆಚ್ಚು ಭಾಗ ವಸಡಿನೊಳಗಿದೆ, ಎಕ್ಸ್-ರೇ ಇಲ್ಲದಿದ್ದರೆ ಅದು ಕುರುಡು ಕೆಲಸ.

ಅರಿವಳಿಕೆ ಇಲ್ಲದೆ ಹಲ್ಲು ಕ್ಲೀನ್ ಮಾಡಿಕೊಡುತ್ತೇವೆ ಎನ್ನುವವರ ಬಗ್ಗೆಯೂ ಒಂದು ಮಾತು. ಎಚ್ಚರವಿರುವ ನಾಯಿಯ ಬಾಯಲ್ಲಿ ಕೆರೆಯಲು ಸಿಗುವುದು ಹಲ್ಲಿನ ಹೊರಮೈ ಮಾತ್ರ. ವಸಡಿನ ಕೆಳಗಿನದು ಅಲ್ಲೇ ಉಳಿಯುತ್ತದೆ, ಮೇಲೆ ಹಲ್ಲು ಮಾತ್ರ ಬೆಳ್ಳಗಾಗಿ ರೋಗ ಮುಚ್ಚಿಹೋಗುತ್ತದೆ. ಅಮೆರಿಕದ ಪಶು ದಂತವೈದ್ಯರ ಕಾಲೇಜು ಇದನ್ನು ಬಹಿರಂಗವಾಗಿಯೇ ವಿರೋಧಿಸುತ್ತದೆ. ಅರಿವಳಿಕೆಗೆ ಹೆದರಿ ಇತ್ತ ಹೋದ ನಾಯಿ ಎರಡು ವರ್ಷ ಬಿಟ್ಟು, ಇನ್ನಷ್ಟು ಮುದಿಯಾಗಿ, ಇನ್ನಷ್ಟು ಕೆಟ್ಟ ಬಾಯಿಯೊಂದಿಗೆ ಅದೇ ಅರಿವಳಿಕೆಗೆ ಬರುತ್ತದೆ.

ಇನ್ನು ಮುಂಚಿತ ತಪಾಸಣೆ. ರಕ್ತಪರೀಕ್ಷೆ ಒಂದರಿಂದಲೇ ಸಮಾಧಾನ ಪಡಬೇಡಿ. ಮೂತ್ರಪಿಂಡದ ಕೆಲಸ ಮುಕ್ಕಾಲು ಪಾಲು ಕುಸಿಯುವವರೆಗೂ, ಅದನ್ನು ತಿಳಿಯಲು ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ ಸರಿಯಾಗೇ ಕಾಣಬಹುದು. ಸ್ನಾಯು ಕರಗಿದ ಸಣಕಲು ಮುದಿ ನಾಯಿಯಲ್ಲಂತೂ ಅದು ಇನ್ನೂ ಮೋಸ ಮಾಡುತ್ತದೆ, ಏಕೆಂದರೆ ಕ್ರಿಯಾಟಿನಿನ್ ಹುಟ್ಟುವುದೇ ಸ್ನಾಯುವಿನಿಂದ. ಎಸ್‌ಡಿಎಂಎ ಎಂಬ ಪರೀಕ್ಷೆ ಸ್ವಲ್ಪ ಮೊದಲೇ ಸುಳಿವು ಕೊಡುತ್ತದೆ. ಅದರ ಜೊತೆಗೆ ಮೂತ್ರಪರೀಕ್ಷೆ ಬೇಕೇಬೇಕು. ಬೆಳಗಿನ ಮೊದಲ ಮೂತ್ರವನ್ನು ಚೊಕ್ಕ ಪಾತ್ರೆಯಲ್ಲಿ ಹಿಡಿದು ತಂದರೆ ಎಷ್ಟು ಗಾಢವಾಗಿದೆ ಎಂದು ನೋಡಬಹುದು. ನೀರಿನಂತೆ ತೆಳ್ಳಗಿದ್ದರೆ ಮೂತ್ರಪಿಂಡಕ್ಕೆ ನೀರು ಹಿಡಿದಿಡುವ ಶಕ್ತಿ ಕಡಿಮೆಯಾಗಿರಬಹುದು, ಕಾರಣ ಹುಡುಕಬೇಕು. ಪಿತ್ತಜನಕಾಂಗದ ಎಂಜೈಮುಗಳು, ಆಲ್ಬುಮಿನ್, ಸಕ್ಕರೆ, ಲವಣಗಳು, ರಕ್ತಕಣಗಳ ಎಣಿಕೆ, ಬೀಪಿ, ಇವು ಮಾಮೂಲು. ಸ್ಟೆತಾಸ್ಕೋಪಿನಲ್ಲಿ ಹೃದಯದ ಗೊರಗೊರ ಶಬ್ದ ಕೇಳಿಸಿದರೆ ಎದೆಯ ಎಕ್ಸ್-ರೇ, ಸಾಧ್ಯವಾದರೆ ಎಕೋ, ಅಂದರೆ ಹೃದಯದ ಸ್ಕ್ಯಾನ್. ಸಣ್ಣ ತಳಿಗಳಲ್ಲಿ ವಯಸ್ಸಾದ ಮೇಲೆ ಹೃದಯದ ಮೈಟ್ರಲ್ ಕವಾಟ ಸೋರುವುದು ತುಂಬ ಸಾಮಾನ್ಯ. ಸೋರುತ್ತಿದೆ ಎಂದ ಮಾತ್ರಕ್ಕೆ ಹಲ್ಲಿನ ಕೆಲಸ ನಿಲ್ಲಬೇಕಿಲ್ಲ. ಆದರೆ ಹೃದಯ ಹಿಗ್ಗಿದೆಯೋ ಇಲ್ಲವೋ ಎನ್ನುವುದರ ಮೇಲೆ ಔಷಧ, ಡ್ರಿಪ್ಪಿನ ವೇಗ ಎಲ್ಲವೂ ಬದಲಾಗುತ್ತವೆ.

ಡಾಕ್ಟರನ್ನು ಕೇಳಲು ಸಂಕೋಚ ಬೇಡ. ಅರಿವಳಿಕೆ ನೋಡಿಕೊಳ್ಳಲು ಬೇರೆ ಒಬ್ಬರು ಇರುತ್ತಾರಾ, ಅಥವಾ ಹಲ್ಲು ಕೀಳುವವರೇ ಅದನ್ನೂ ನೋಡುತ್ತಾರಾ? ಮೈ ಬಿಸಿ ಇಡಲು ಏನು ವ್ಯವಸ್ಥೆ? ವಸಡು ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತೀರಾ? ಕೆಲಸ ಎರಡು ಗಂಟೆ ಮೀರುವಂತಿದ್ದರೆ ಎರಡು ಸಲ ಮಾಡುತ್ತೀರಾ? ಒಂದೇ ಸಲ ಇಪ್ಪತ್ತು ಹಲ್ಲು ಕಿತ್ತು ನಾಲ್ಕು ಗಂಟೆ ಮಲಗಿಸುವುದಕ್ಕಿಂತ, ಕೆಟ್ಟ ಪಕ್ಕ ಇವತ್ತು, ಉಳಿದದ್ದು ಮೂರು ನಾಲ್ಕು ವಾರ ಬಿಟ್ಟು ಎಂದು ಹಂಚಿಕೊಂಡರೆ ಎಷ್ಟೋ ಮುದಿ ನಾಯಿಗಳಿಗೆ ಸುಲಭ. ಇನ್ನೊಂದು: ಯಾವ ಹಲ್ಲು ಉಳಿಯುತ್ತದೆ, ಯಾವುದು ಹೋಗುತ್ತದೆ ಎನ್ನುವುದು ಎಕ್ಸ್-ರೇ ತೆಗೆದ ಮೇಲೇ ಗೊತ್ತಾಗುವುದು, ಆಗ ನಾಯಿ ಮಲಗಿರುತ್ತದೆ. ನಿಮಗೆ ಫೋನ್ ಬರುತ್ತದೆ. ಆ ಫೋನ್ ತೆಗೆಯದಿದ್ದರೆ ಅಷ್ಟು ಹೊತ್ತೂ ನಾಯಿ ಸುಮ್ಮನೆ ಅರಿವಳಿಕೆಯಲ್ಲಿ ಇರಬೇಕಾಗುತ್ತದೆ. ಆ ದಿನ ಫೋನ್ ಕೈಯಲ್ಲೇ ಇರಲಿ.

ಉಪವಾಸದ ವಿಷಯದಲ್ಲಿ ಹಳೆಯ ಪದ್ಧತಿ ಬದಲಾಗಿದೆ. ಹಿಂದಿನ ರಾತ್ರಿಯಿಂದಲೇ ಅನ್ನ ನೀರು ಎರಡೂ ಬಂದ್ ಎನ್ನುತ್ತಿದ್ದರು. ಅಮೆರಿಕದ ಪ್ರಾಣಿ ಆಸ್ಪತ್ರೆಗಳ ಸಂಘದ 2020ರ ಮಾರ್ಗಸೂಚಿಯಲ್ಲಿ ಆರೋಗ್ಯವಂತ ವಯಸ್ಕ ನಾಯಿಗೆ ಆಹಾರ ಬಿಡಿಸುವ ಅವಧಿ 4ರಿಂದ 6 ಗಂಟೆ. ನೀರನ್ನು ಅರಿವಳಿಕೆಗೆ ಮುಂಚಿನ ಮಂಪರಿನ ಇಂಜೆಕ್ಷನ್ ಕೊಡುವವರೆಗೂ ಇಡಬಹುದು. ಮುದಿ ನಾಯಿಗೆ, ಅದರಲ್ಲೂ ಮೂತ್ರಪಿಂಡ ಸೋತಿರುವ ನಾಯಿಗೆ, ರಾತ್ರಿಯಿಡೀ ನೀರು ತೆಗೆದಿಟ್ಟರೆ ಬೆಳಿಗ್ಗೆ ಒಣಗಿದ ಮೈಯಲ್ಲಿ ಬಂದು ಮಲಗುತ್ತದೆ; ಬೀಪಿ ಬೀಳುವುದು ಆಗಲೇ. ಮೊದಲೇ ಕಕ್ಕುವ, ತಿಂದದ್ದು ಗಂಟಲಿಗೆ ವಾಪಸ್ ಬರುವ ಚಾಳಿ ಇದ್ದರೆ, ಮೂಗು ಚಪ್ಪಟೆಯಾದ ತಳಿಯಾದರೆ ಉಪವಾಸ ಇನ್ನೂ ಉದ್ದ ಇರುತ್ತದೆ. ಸಕ್ಕರೆ ಕಾಯಿಲೆಯ ನಾಯಿಗೆ ಲೆಕ್ಕವೇ ಬೇರೆ: ಸಾಮಾನ್ಯವಾಗಿ ಬೆಳಿಗ್ಗೆ ಸ್ವಲ್ಪವೇ ಊಟ, ಇನ್ಸುಲಿನ್ ಅರ್ಧ ಡೋಸು, ಮತ್ತು ದಿನದ ಮೊದಲ ಸರದಿ.

ಮಾಮೂಲು ಔಷಧಗಳ ಪಟ್ಟಿಯನ್ನು ಕಾಗದದಲ್ಲಿ ಬರೆದು ಕೊಡಿ. ಹೆಸರು, ಎಷ್ಟು ಮಿಲಿಗ್ರಾಂ, ಕೊನೆಗೆ ಕೊಟ್ಟದ್ದು ಎಷ್ಟು ಗಂಟೆಗೆ. ಮೂರ್ಛೆಗೆ ಕೊಡುವ ಫಿನೊಬಾರ್ಬಿಟಾಲ್ ಆ ಬೆಳಿಗ್ಗೆಯೂ ತಪ್ಪಬಾರದು. ಹೃದಯದ ಪಿಮೊಬೆಂಡಾನ್ ಸಾಮಾನ್ಯವಾಗಿ ಮುಂದುವರಿಯುತ್ತದೆ. ಆದರೆ ಎನಲಾಪ್ರಿಲ್, ಬೆನಜೆಪ್ರಿಲ್ ತರಹದವು ಅರಿವಳಿಕೆಯ ಜೊತೆ ಸೇರಿ ಬೀಪಿ ಜೋರಾಗಿ ಇಳಿಸುವುದರಿಂದ ಅವನ್ನು ಆ ದಿನ ನಿಲ್ಲಿಸಲು ಹಲವು ಡಾಕ್ಟರುಗಳು ಹೇಳುತ್ತಾರೆ. ಸ್ಟಿರಾಯ್ಡ್ ಬಹಳ ದಿನದಿಂದ ನಡೆಯುತ್ತಿದ್ದರೆ ನೀವಾಗಿ ತಟಕ್ಕನೆ ನಿಲ್ಲಿಸಬೇಡಿ, ಮುಚ್ಚಿಡಲೂ ಬೇಡಿ: ಸ್ಟಿರಾಯ್ಡ್ ಮೇಲಿರುವ ನಾಯಿಗೆ ಮೆಲಾಕ್ಸಿಕ್ಯಾಮ್ ಥರದ ನೋವಿನ ಔಷಧ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು.

ಈಗ ಒಳಗೆ ಏನು ನಡೆಯುತ್ತದೆ ಅಂತ ನೋಡೋಣ. ನೀವು ಅಲ್ಲಿರುವುದಿಲ್ಲ, ಆದರೆ ಗೊತ್ತಿದ್ದರೆ ಕೇಳುವ ಪ್ರಶ್ನೆ ಸರಿಯಾಗಿರುತ್ತದೆ. ಕಾಲಿನ ರಕ್ತನಾಳಕ್ಕೆ ಸೂಜಿಕೊಳವೆ ಹಾಕುತ್ತಾರೆ. ಮುಖದ ಮುಂದೆ ಮೂರು ನಾಲ್ಕು ನಿಮಿಷ ಆಕ್ಸಿಜನ್. ಮಲಗಿಸುವ ಔಷಧವಾದ ಪ್ರೊಪೊಫಾಲ್ ಅಥವಾ ಅಲ್ಫಾಕ್ಸಲೋನ್ ಅನ್ನು ನಿಧಾನವಾಗಿ, ಕೊಡುತ್ತ ನೋಡುತ್ತ ಕೊಡಬೇಕು. ಮುದಿ ನಾಯಿಯಲ್ಲಿ ರಕ್ತ ಸುತ್ತುವುದೇ ನಿಧಾನವಾದ್ದರಿಂದ ಔಷಧ ಮಿದುಳಿಗೆ ತಲುಪುವುದೂ ತಡ. ಇನ್ನೂ ಮಲಗಲಿಲ್ಲ ಎಂದು ಅವಸರದಲ್ಲಿ ಇನ್ನಷ್ಟು ತಳ್ಳಿದರೆ ಎಲ್ಲ ಒಟ್ಟಿಗೆ ಹತ್ತಿ ಉಸಿರು ನಿಲ್ಲುತ್ತದೆ. ಆಮೇಲೆ ಶ್ವಾಸನಾಳಕ್ಕೆ, ಗಾಳಿ ತುಂಬಿ ಬಿಗಿಮಾಡುವ ಬಲೂನಿರುವ ಉಸಿರಿನ ನಳಿಗೆ. ಹಲ್ಲಿನ ಕೆಲಸದಲ್ಲಿ ಇದು ಎರಡು ಪಟ್ಟು ಮುಖ್ಯ, ಏಕೆಂದರೆ ನೀರು, ರಕ್ತ, ಕಿಟ್ಟದ ಚೂರು ಎಲ್ಲ ಗಂಟಲ ಕಡೆಗೇ ಹರಿಯುತ್ತವೆ. ಗಂಟಲಿಗೆ ಗಾಜ್ ತುರುಕುವುದೂ ಅದಕ್ಕೇ. ಎಷ್ಟು ಗಾಜ್ ಇಟ್ಟರು, ಎಷ್ಟು ತೆಗೆದರು ಎಂದು ಎಣಿಸದಿದ್ದರೆ ನಳಿಗೆ ತೆಗೆದೊಡನೆ ನಾಯಿ ಅದನ್ನೇ ಎಳೆದುಕೊಂಡು ಉಸಿರು ಕಟ್ಟುತ್ತದೆ. ಪಕ್ಕ ಮಗ್ಗುಲಾಗಿಸುವಾಗ ನಳಿಗೆಯನ್ನು ಯಂತ್ರದ ಪೈಪಿನಿಂದ ಬಿಚ್ಚಬೇಕು, ಇಲ್ಲವಾದರೆ ಅದು ತಿರುಚಿ ಶ್ವಾಸನಾಳದ ಗೋಡೆ ಹರಿಯಬಹುದು.

ಬೀಪಿ ಮತ್ತು ಬಿಸಿ, ಈ ಎರಡರ ಮೇಲೆ ಕಣ್ಣಿರಬೇಕು. ಸರಾಸರಿ ಬೀಪಿ 60ಕ್ಕಿಂತ ಕೆಳಗಿಳಿದರೆ ಮೂತ್ರಪಿಂಡಕ್ಕೆ ರಕ್ತ ಸಾಲದು. ಆಗ ಮೊದಲು ಮಾಡಬೇಕಾದದ್ದು ನಾಯಿಯನ್ನು ಅರಿವಳಿಕೆಯಲ್ಲಿಡುವ ಐಸೊಫ್ಲುರೇನ್ ಗ್ಯಾಸ್ ಕಡಿಮೆ ಮಾಡುವುದು. ಡ್ರಿಪ್ ಸುರಿಯುವುದು ಆಮೇಲೆ. ಸಾಮಾನ್ಯ ನಾಯಿಗೆ ಗಂಟೆಗೆ ಕೆಜಿಗೆ 5 ಮಿ.ಲೀ.ಯಿಂದ ಶುರು ಮಾಡಿದರೆ ಹೃದಯ ಸೋತ ನಾಯಿಗೆ ಅದಕ್ಕಿಂತ ಕಡಿಮೆ, ಇಲ್ಲದಿದ್ದರೆ ನೀರು ಶ್ವಾಸಕೋಶ ತುಂಬುತ್ತದೆ. ಇನ್ನು ಬಿಸಿ. ನಾಯಿಯ ಮೈಯ ಸಹಜ ಬಿಸಿ 38ರಿಂದ 39.2 ಡಿಗ್ರಿ ಸೆಲ್ಸಿಯಸ್. ಬಾಯಿ ತೆರೆದೇ ಇರುತ್ತದೆ, ಕಿಟ್ಟ ಕೆರೆಯುವ ಸ್ಕೇಲರ್ ಯಂತ್ರ ತಣ್ಣೀರು ಚಿಮ್ಮುತ್ತಲೇ ಇರುತ್ತದೆ, ತಲೆ ಕತ್ತು ಒದ್ದೆ. ಬಿಸಿ ಹೆಚ್ಚು ಇಳಿಯುವುದು ಮೊದಲ ಗಂಟೆಯಲ್ಲೇ, ಆದ್ದರಿಂದ ಬಿಸಿಗಾಳಿ ಹೊದಿಕೆ ಮಲಗಿಸಿದ ಕೂಡಲೇ ಬೇಕು. ಇಳಿದ ಮೇಲೆ ಏರಿಸುವುದು ಬಲು ಕಷ್ಟ. ತಣ್ಣಗಾದ ನಾಯಿ ಔಷಧವನ್ನು ನಿಧಾನವಾಗಿ ಕರಗಿಸುತ್ತದೆ, ತಡವಾಗಿ ಏಳುತ್ತದೆ, ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಮೊದಲ 3 ಗಂಟೆಯ ಮಾತು ಹೇಳಿದೆನಲ್ಲ, ಅದರ ಒಂದು ಬೇರು ಇಲ್ಲಿದೆ.

ಮರಗಟ್ಟಿಸುವ ಇಂಜೆಕ್ಷನ್ನು ಮುದಿ ನಾಯಿಗೆ ದೊಡ್ಡ ಉಪಕಾರ. ಬುಪಿವಕೈನ್ ಅನ್ನು ನರದ ಬುಡಕ್ಕೆ ಕೊಟ್ಟರೆ ಆ ದವಡೆಯ ನೋವು ಮಿದುಳಿಗೇ ಹೋಗುವುದಿಲ್ಲ. ಹಾಗಾಗಿ ಗ್ಯಾಸ್ ಕಡಿಮೆ ಸಾಕು. ಗ್ಯಾಸ್ ಕಡಿಮೆಯಾದರೆ ಬೀಪಿ ನಿಲ್ಲುತ್ತದೆ. ಹಿಡಿಯಲು ಹತ್ತು ಹದಿನೈದು ನಿಮಿಷ ಬೇಕು, ಸುಮಾರು 4ರಿಂದ 6 ಗಂಟೆ ಇರುತ್ತದೆ. ಮಿತಿ ಮಾತ್ರ ಬಿಗಿ: ನಾಲ್ಕೂ ಕಡೆ ಸೇರಿ ಕೆಜಿಗೆ 2 ಮಿ.ಗ್ರಾಂ. ಎಂಟು ಕೆಜಿ ನಾಯಿಗೆ 16 ಮಿ.ಗ್ರಾಂ, ಅಂದರೆ ಶೇ 0.5ರ ಔಷಧದಲ್ಲಿ 3.2 ಮಿ.ಲೀ. ದಾಟಬಾರದು. ಪ್ರತಿ ಸಲ ಸಿರಿಂಜ್ ಹಿಂದಕ್ಕೆಳೆದು ರಕ್ತ ಬರಲಿಲ್ಲ ಎಂದು ನೋಡಿಯೇ ತಳ್ಳಬೇಕು, ರಕ್ತಕ್ಕೆ ನೇರ ಹೋದರೆ ಹೃದಯಕ್ಕೆ ವಿಷ.

ಕೀಳುವುದು ಎಂದರೆ ಇಕ್ಕಳ ಹಾಕಿ ಎಳೆಯುವುದು ಎಂದುಕೊಂಡಿದ್ದೀರಿ. ಎಳೆದರೆ ಬೇರು ಮುರಿಯುತ್ತದೆ. ವಸಡನ್ನು ಕೊಯ್ದು ಮೂಳೆಯಿಂದ ಬಿಡಿಸಿ ಪದರವಾಗಿ ಎತ್ತುತ್ತಾರೆ. ಹೊರಗಡೆಯ ಮೂಳೆಯನ್ನು ಡ್ರಿಲ್ಲಿನಿಂದ ಸ್ವಲ್ಪ ಸವೆಸುತ್ತಾರೆ. ಎರಡು ಮೂರು ಬೇರಿನ ಹಲ್ಲನ್ನು ಒಂದೊಂದು ಬೇರಿಗೆ ಒಂದು ತುಂಡಾಗುವಂತೆ ಸೀಳುತ್ತಾರೆ. ಆಮೇಲೆ ಎಲಿವೇಟರ್ ಎಂಬ ಸಣ್ಣ ಮೀಟುಗೋಲನ್ನು ಬೇರು ಮತ್ತು ಮೂಳೆಯ ಸಂದಿಗೆ ತೂರಿಸಿ, ಮೆಲ್ಲಗೆ ತಿರುಗಿಸಿ, ಹತ್ತರಿಂದ ಮೂವತ್ತು ಸೆಕೆಂಡು ಹಾಗೇ ಹಿಡಿಯುತ್ತಾರೆ. ಹಲ್ಲನ್ನು ಹಿಡಿದ ನಾರು ದಣಿದು ಹರಿಯುವುದು ಆ ಹಿಡಿತದಲ್ಲಿ. ಇಲ್ಲಿ ತಾಳ್ಮೆ ಕೆಟ್ಟರೆ ಬೇರಿನ ತುದಿ ಒಳಗೇ ಉಳಿಯುತ್ತದೆ, ಇಲ್ಲವೇ ಉಪಕರಣ ಜಾರಿ ಮೇಲ್ದವಡೆಯ ಹಿಂದಿನ ಹಲ್ಲಿನ ಮೇಲೇ ಇರುವ ಕಣ್ಣಿಗೆ ಚುಚ್ಚುತ್ತದೆ. ಮೇಲಿನ ಕೋರೆಹಲ್ಲಿನದು ಇನ್ನೊಂದು ಫಜೀತಿ: ಬೇರಿಗೂ ಮೂಗಿನ ಕುಹರಕ್ಕೂ ನಡುವೆ ತೆಳು ಮೂಳೆ, ರೋಗ ಹಿಡಿದ ಬಾಯಲ್ಲಿ ಅದೂ ಇರುವುದಿಲ್ಲ. ಹೊರಬಂದ ಬೇರಿನ ತುದಿ ನುಣ್ಣಗೆ ಗುಂಡಗೆ ಇದ್ದರೆ ಪೂರ್ತಿ ಬಂದಿದೆ. ಮೊಂಡಾಗಿ ಒರಟಾಗಿದ್ದರೆ ಒಳಗೆ ಉಳಿದಿದೆ. ಕಿತ್ತ ಮೇಲೆ ಮತ್ತೊಂದು ಎಕ್ಸ್-ರೇ, ಚೂಪು ಮೂಳೆ ಅಂಚನ್ನು ನುಣುಪು ಮಾಡುವುದು, ಎಳೆತವಿಲ್ಲದ ಹಾಗೆ ಕರಗುವ ಹೊಲಿಗೆ. ಎಳೆದು ಕಟ್ಟಿದ ಹೊಲಿಗೆ ಒಂದು ವಾರದೊಳಗೆ ಬಿಟ್ಟುಕೊಳ್ಳುತ್ತದೆ, ಕಿತ್ತವರು ಎಷ್ಟೇ ಚೆನ್ನಾಗಿ ಕಿತ್ತಿರಲಿ.

ಈಗ ಮನೆ. ಸಂಜೆ ಕರೆದುಕೊಂಡು ಹೋಗಿ ಎಂದಾಗ ಅವಸರ ಬೇಡ. ನಾಯಿ ತಾನಾಗಿ ತಲೆ ಎತ್ತಿ ಕೂರುತ್ತದೆಯೇ, ಮೈ ಬೆಚ್ಚಗಿದೆಯೇ, ನಾಲ್ಕು ಹೆಜ್ಜೆ ಇಡುತ್ತದೆಯೇ ನೋಡಿ. ಇಲ್ಲವಾದರೆ ಇನ್ನೆರಡು ಗಂಟೆ ಅಲ್ಲೇ ಇರಲಿ ಎಂದು ಕೇಳಿ. ಕಾಲಿಗೆ ಸುತ್ತಿದ ಪಟ್ಟಿಯನ್ನು ಯಾವಾಗ ಬಿಚ್ಚಬೇಕೆಂದು ಕೇಳಿಕೊಳ್ಳಿ. ಮರೆತು ರಾತ್ರಿಯಿಡೀ ಬಿಟ್ಟರೆ ಪಾದ ಊದುತ್ತದೆ.

ಮೊದಲ ರಾತ್ರಿ ನೆಲದ ಮೇಲೆ ಜಾರದ ಹಾಸು, ಮೆಟ್ಟಿಲಿಗೆ ಅಡ್ಡ, ಮಂಚ ಸೋಫಾ ಬಂದ್. ಬೆನ್ನ ಮೇಲೋ ಮಗ್ಗುಲಾಗಿಯೋ ಗಂಟೆಗಟ್ಟಲೆ ಮಲಗಿದ್ದರಿಂದ ಸಂಧಿವಾತದ ಸೊಂಟ ಹಿಡಿದುಕೊಂಡಿರುತ್ತದೆ. ಏಳಲು ತಡಕಾಡಿದರೆ ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಎತ್ತಿ. ಹೊದಿಸಿ, ಆದರೆ ಕರೆಂಟಿನ ಬಿಸಿ ದಿಂಬು ಬೇಡ. ಮಂಪರಿನಲ್ಲಿರುವ ನಾಯಿ ಸುಡುತ್ತಿದ್ದರೂ ಪಕ್ಕಕ್ಕೆ ಸರಿಯುವುದಿಲ್ಲ. ಕಿವಿ ಕೇಳದ, ಕಣ್ಣು ಕಾಣದ ನಾಯಿಯನ್ನು ಹಿಂದಿನಿಂದ ಮುಟ್ಟಬೇಡಿ, ಎದುರಿನಿಂದ ಬಂದು ಮೂಸಲು ಕೈ ಕೊಡಿ. ಸಣ್ಣ ದೀಪ ಉರಿಯುತ್ತಿರಲಿ. ಮರೆವಿನ ಕಾಯಿಲೆ ಇರುವ ನಾಯಿ ಎರಡು ಮೂರು ರಾತ್ರಿ ಸುಮ್ಮನೆ ಅಲೆದಾಡಬಹುದು.

ಕುಂಯ್‌ಗುಡುವುದೆಲ್ಲ ನೋವಲ್ಲ. ಮಂಪರಿನ ಗೊಂದಲದ ಕೂಗು ಒಂದೇ ಸ್ವರದಲ್ಲಿ ಎಳೆಯುತ್ತದೆ, ಹೆಸರು ಕರೆದರೂ ಮುಟ್ಟಿದರೂ ಬದಲಾಗುವುದಿಲ್ಲ, ಕೆಲವು ಗಂಟೆಗಳಲ್ಲಿ ತಾನೇ ನಿಲ್ಲುತ್ತದೆ. ನಿಜವಾದ ನೋವು ಹೆಚ್ಚಾಗಿ ಸದ್ದಿಲ್ಲದ್ದು: ಮಲಗದೆ ಕೂತೇ ಇರುವುದು, ತುಟಿ ನೆಕ್ಕಿಕೊಳ್ಳುತ್ತಲೇ ಇರುವುದು, ಸೆಕೆಯಿಲ್ಲದೆ ಏದುಸಿರು, ಮುಖದ ಹತ್ತಿರ ಕೈ ತಂದರೆ ಹಿಂದೆ ಸರಿಯುವುದು. ಬುಪಿವಕೈನ್ ಇಳಿಯುವುದು ಸಾಮಾನ್ಯವಾಗಿ ಮನೆಗೆ ಬಂದ ಮೇಲೆ, ಹಾಗಾಗಿ ಅದು ಇಳಿಯುವ ಮುಂಚೆ ನೋವಿನ ಔಷಧದ ಮುಂದಿನ ಡೋಸು ಎಷ್ಟು ಗಂಟೆಗೆ ಎಂದು ಬರೆಸಿಕೊಂಡೇ ಹೊರಡಿ.

ಮೆಲಾಕ್ಸಿಕ್ಯಾಮ್ ದ್ರವದಲ್ಲಿ ಆಗುವ ಎಡವಟ್ಟು ಒಂದಿದೆ. ನಾಯಿಗೆ ಎರಡನೇ ದಿನದಿಂದ ರೂಢಿಯ ಡೋಸು ದಿನಕ್ಕೊಮ್ಮೆ ಕೆಜಿಗೆ 0.1 ಮಿ.ಗ್ರಾಂ. ಎಂಟು ಕೆಜಿಗೆ 0.8 ಮಿ.ಗ್ರಾಂ. ಮಿ.ಲೀ.ಗೆ 1.5 ಮಿ.ಗ್ರಾಂ ಇರುವ ಬಾಟಲಿಯಾದರೆ ಅದು ಅರ್ಧ ಮಿ.ಲೀ.ಗಿಂತ ತುಸು ಹೆಚ್ಚು, 0.5 ಮಿ.ಗ್ರಾಂ ಬಾಟಲಿಯಾದರೆ 1.6 ಮಿ.ಲೀ. ಒಂದು ಬಾಟಲಿಯ ಜೊತೆ ಬಂದ, ಕೆಜಿ ಗುರುತಿನ ಸಿರಿಂಜನ್ನು ಇನ್ನೊಂದು ಬಾಟಲಿಗೆ ಬಳಸಿದರೆ ಮೂರು ಪಟ್ಟು ಹೋಗುತ್ತದೆ, ಇಲ್ಲವೇ ಮೂರನೇ ಒಂದು ಭಾಗ. ಊಟದ ಜೊತೆಗೇ ಕೊಡಿ. ಊಟ ಮಾಡದಿದ್ದರೆ, ವಾಂತಿಯಾದರೆ, ಮಲ ಟಾರಿನಂತೆ ಕಪ್ಪಾದರೆ ನಿಲ್ಲಿಸಿ ಫೋನ್ ಮಾಡಿ. ಒಂದು ಡೋಸು ತಪ್ಪಿದರೆ ಎರಡು ಸೇರಿಸಿ ಕೊಡಬೇಡಿ. ಮನೆಯಲ್ಲಿರುವ ಐಬುಪ್ರೊಫೆನ್ ಮಾತ್ರೆಯ ಹತ್ತಿರ ಹೋಗಲೇಬೇಡಿ. ನೋವಿಗೆ ಗ್ಯಾಬಾಪೆಂಟಿನ್ ಬರೆದುಕೊಟ್ಟಿದ್ದರೆ, ಮನುಷ್ಯರಿಗೆಂದು ಮಾಡಿದ ಅದರ ದ್ರವದ ಕೆಲವು ತಯಾರಿಕೆಗಳಲ್ಲಿ ಜೈಲಿಟಾಲ್ ಸಿಹಿ ಇರುತ್ತದೆ, ನಾಯಿಗೆ ಅದು ವಿಷ, ಕ್ಯಾಪ್ಸೂಲೇ ಕ್ಷೇಮ. ಮಾತ್ರೆ ನುಂಗಿಸಲು ದವಡೆ ಅಗಲಿಸಬೇಡಿ, ಹೊಲಿಗೆ ಎಳೆಯುತ್ತದೆ. ಮೆತ್ತನೆ ಆಹಾರದ ಉಂಡೆಯಲ್ಲಿ ಹುದುಗಿಸಿ.

ಮನೆಗೆ ಬಂದು ಎಚ್ಚರವಾಗಿ ನೀರು ಸರಿಯಾಗಿ ನುಂಗಿದ ಮೇಲೆ ಮಾಮೂಲಿನ ಕಾಲು ಭಾಗದಷ್ಟು ಮೆತ್ತನೆ ಊಟ. ಒಂದು ಗಂಟೆ ಹೊಟ್ಟೆಯಲ್ಲಿ ನಿಂತರೆ ಇನ್ನೊಂದು ಕಾಲು. ಒಣ ಕಾಳು ತಿನ್ನುವ ನಾಯಿಯಾದರೆ ಒಂದು ಅಳತೆ ಕಾಳಿಗೆ ಒಂದೂವರೆ ಅಳತೆ ಬಿಸಿನೀರು ಹಾಕಿ ಅರ್ಧ ಗಂಟೆ ಮುಚ್ಚಿಡಿ. ಬೆರಳಲ್ಲಿ ಹಿಚುಕಿದರೆ ನಡುವೆ ಗಟ್ಟಿ ತಿರುಳು ಸಿಗಬಾರದು. ಉಗುರುಬೆಚ್ಚಗೆ ಆದ ಮೇಲೆ ಕೊಡಿ, ಮರಗಟ್ಟಿದ ಬಾಯಿಗೆ ಸುಡುವುದು ಗೊತ್ತಾಗದು. ಇದು 10ರಿಂದ 14 ದಿನ. ಅಷ್ಟು ದಿನವೂ ಚೆಂಡು, ಹಗ್ಗ ಎಳೆದಾಟ, ಕಡಿಯುವ ಆಟಿಕೆ ಇಲ್ಲ. ಕಾಲಿನಿಂದ ಬಾಯಿ ಕೆರೆದರೆ ಕತ್ತಿಗೆ ಕೋನ್.

ಒಂದೆರಡು ದಿನ ಗುಲಾಬಿ ಬಣ್ಣದ ಜೊಲ್ಲು, ನಳಿಗೆಯಿಂದಾದ ಸಣ್ಣ ಕೆಮ್ಮು, ಎರಡು ದಿನ ಮಲ ಹೋಗದಿರುವುದು, ಡ್ರಿಪ್ಪಿನಿಂದಾಗಿ ಹಾಸಿಗೆಯಲ್ಲೇ ಮೂತ್ರ, ಇವಕ್ಕೆ ಗಾಬರಿ ಬೇಡ. ಕೆಂಪು ರಕ್ತ ತೊಟ್ಟಿಕ್ಕುತ್ತಲೇ ಇದ್ದರೆ, ವಸಡು ಬೆಳ್ಳಗಾದರೆ, ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ, ಮೂತ್ರವೇ ಹೋಗದಿದ್ದರೆ, ಎರಡನೇ ದಿನದ ಮೇಲೆ ಊತ ಇಳಿಯುವ ಬದಲು ಏರಿದರೆ, ಕಣ್ಣು ಮುಚ್ಚಿಕೊಂಡೇ ಇದ್ದರೆ ತಡಮಾಡಬೇಡಿ. ಹೃದಯದ ತೊಂದರೆಯ ನಾಯಿಯ ಉಸಿರನ್ನು ಗಾಢ ನಿದ್ದೆಯಲ್ಲಿರುವಾಗ ಎಣಿಸಿ: ಎದೆ ಏರಿ ಇಳಿದರೆ ಒಂದು, ಮೂವತ್ತು ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ನಿಮಿಷಕ್ಕೆ 30 ದಾಟಿ ಹಾಗೇ ನಿಂತರೆ ರಾತ್ರಿಯಾದರೂ ಹೊರಡಿ.

ಮೂರನೇ ದಿನದಿಂದ ದಿನಕ್ಕೊಮ್ಮೆ ತುಟಿಯನ್ನು ಮಾತ್ರ ಎತ್ತಿ ನೋಡಿ, ಬಾಯಿ ತೆರೆಸಬೇಡಿ. ಹೊಲಿಗೆಯ ಮೇಲೆ ತೆಳು ಬಿಳಿಹಳದಿ ಪೊರೆ ಕಂಡರೆ ಅದು ಮಾಯುವ ಗುರುತು, ಒರೆಸಬೇಡಿ. ಕೀವಿಗೆ ಕೊಳೆತ ನಾತ ಇರುತ್ತದೆ. ಕಪ್ಪು ಸಂದು ಬಾಯ್ದೆರೆದು ಕಂಡರೆ ಹೊಲಿಗೆ ಬಿಟ್ಟಿದೆ. ಚಿಕ್ಕದಾದರೆ ಒಳಗಿನಿಂದ ತಾನೇ ತುಂಬಿಕೊಳ್ಳುವುದುಂಟು. ಆದರೆ ನೀರು ಕುಡಿದ ಕೂಡಲೇ ಸೀನು, ಒಂದೇ ಹೊಳ್ಳೆಯಿಂದ ರಕ್ತವೋ ಊಟದ ಚೂರೋ ಬಂದರೆ ಬಾಯಿ ಮೂಗು ಕೂಡಿಕೊಂಡಿವೆ. ಅದು ತಾನಾಗಿ ಮುಚ್ಚುವುದಿಲ್ಲ, ಮತ್ತೆ ಹೊಲಿಯಬೇಕು.

ಪ್ರಶ್ನೋತ್ತರದಿಂದ

ಆಂಟಿಬಯೋಟಿಕ್ ಕೊಟ್ಟುಕೊಂಡು ಮುಂದೂಡಬಹುದಾ ಎಂದು ಒಬ್ಬರು ಕೇಳಿದರು. ಊತ ಒಂದೆರಡು ವಾರ ಇಳಿಯುತ್ತದೆ, ನಿಲ್ಲಿಸಿದ ಮೇಲೆ ಮತ್ತೆ ಬರುತ್ತದೆ. ಸತ್ತ ಬೇರು ಒಳಗಿರುವವರೆಗೆ ಔಷಧ ಅಲ್ಲಿಗೆ ತಲುಪುವುದೇ ಇಲ್ಲ. ಶಸ್ತ್ರಕ್ರಿಯೆಯಾದ ಪ್ರತಿ ನಾಯಿಗೂ ಆಂಟಿಬಯೋಟಿಕ್ ಬೇಕು ಎನ್ನುವುದೂ ಇಲ್ಲ, ಕೆಟ್ಟದ್ದನ್ನು ತೆಗೆದುಹಾಕಿದ್ದೇ ಮುಖ್ಯ ಚಿಕಿತ್ಸೆ.

ಮೂತ್ರಪಿಂಡ ಸೋತ ನಾಯಿಗೆ ನೋವಿಗೆ ಏನು? ಮೆಲಾಕ್ಸಿಕ್ಯಾಮ್, ಕಾರ್ಪ್ರೊಫೆನ್ ಗುಂಪನ್ನು ಸಾಮಾನ್ಯವಾಗಿ ಬಿಡುತ್ತೇವೆ. ನರ ಮರಗಟ್ಟಿಸುವುದು, ಆಸ್ಪತ್ರೆಯಲ್ಲಿ ಒಪಿಯಾಯ್ಡ್ (ಮಾರ್ಫಿನ್ ಜಾತಿಯ) ಇಂಜೆಕ್ಷನ್, ಮನೆಗೆ ಗ್ಯಾಬಾಪೆಂಟಿನ್. ಗ್ಯಾಬಾಪೆಂಟಿನ್ ಹೊರಹೋಗುವುದೂ ಮೂತ್ರಪಿಂಡದ ಮೂಲಕವೇ, ಆದ್ದರಿಂದ ಡೋಸು ಕಡಿಮೆ. ಹಿಂಗಾಲು ತೂರಾಡಿದರೆ ಡೋಸು ಜಾಸ್ತಿಯಾಯಿತೆಂದು ತಿಳಿಸಿ.

ಹಲ್ಲೇ ಇಲ್ಲದೆ ಹೇಗೆ ತಿನ್ನುತ್ತದೆ? ನಾಲಿಗೆಯಿಂದ ಗೋರಿಕೊಂಡು ನುಂಗುತ್ತದೆ. ಕೆಳಗಿನ ಕೋರೆ ಹೋದರೆ ನಾಲಿಗೆ ಒಂದು ಪಕ್ಕಕ್ಕೆ ಜೋತುಬೀಳಬಹುದು, ಅದು ನೋಟಕ್ಕೆ ಮಾತ್ರ. ಮೇಲಿನ ಕೋರೆ ಹೋದರೆ ತುಟಿ ಒಳಗೆ ಮಡಚಿ ಕೆಳಗಿನ ಕೋರೆಗೆ ಸಿಕ್ಕಿ ಹುಣ್ಣಾಗಬಹುದು. ಅದನ್ನು ಮರುತಪಾಸಣೆಯಲ್ಲಿ ತೋರಿಸಿ. ತೂಕವನ್ನು ವಾರಕ್ಕೊಮ್ಮೆ ಬರೆದಿಡಿ. ನೋವು ಹೋದ ಮೇಲೆ ತೂಕ ಏರುವ ನಾಯಿಗಳೇ ಹೆಚ್ಚು.

ಬ್ರಶ್ ಯಾವಾಗಿನಿಂದ? ಎರಡು ವಾರದ ತಪಾಸಣೆಯಲ್ಲಿ ವಸಡು ಕೂಡಿದೆ ಎಂದ ಮೇಲೆ. ಅಲ್ಲಿಯವರೆಗೆ, ಮುಟ್ಟಗೊಟ್ಟರೆ, ಹೊಲಿಗೆ ಇಲ್ಲದ ಕಡೆ ಒದ್ದೆ ಗಾಜ್ ಬೆರಳಿಗೆ ಸುತ್ತಿ ಒರೆಸಬಹುದು. ನಮ್ಮ ಪೇಸ್ಟ್ ಬೇಡ, ಅದರ ನೊರೆ, ಫ್ಲೋರೈಡ್, ಕೆಲವದರಲ್ಲಿ ಜೈಲಿಟಾಲ್, ಎಲ್ಲವೂ ಹೊಟ್ಟೆಗೇ ಹೋಗುತ್ತವೆ. ಮೆದು ಬ್ರಶ್ಶನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆ ಹಿಡಿದು, ಬಾಯಿ ಮುಚ್ಚಿಯೇ ಇರುವಾಗ ಕೆನ್ನೆಯೊಳಗೆ ಜಾರಿಸಿ, ಹಿಂದಿನ ಮೇಲ್ದವಡೆಯಿಂದ ಶುರು ಮಾಡಿ. ಮುಂದಿನ ಹಲ್ಲಿನಿಂದ ಶುರು ಮಾಡಿದರೆ ಹಿಂದಕ್ಕೆ ಹೋಗುವಷ್ಟರಲ್ಲಿ ನಾಯಿಯ ತಾಳ್ಮೆ ಮುಗಿದಿರುತ್ತದೆ, ಕಿಟ್ಟ ಹೆಚ್ಚು ಕೂರುವುದು ಹಿಂದೆಯೇ. ಹೊರಮೈ ಸಾಕು, ಒಳಗಡೆಯದನ್ನು ನಾಲಿಗೆ ಒಂದಿಷ್ಟು ನೋಡಿಕೊಳ್ಳುತ್ತದೆ. ಪ್ರತಿದಿನ ಆಗಬೇಕು, ಪ್ಲಾಕ್ ಗಟ್ಟಿಯಾಗಲು ಎರಡು ಮೂರು ದಿನವಷ್ಟೇ ಸಾಕೆಂದು ಆಗಲೇ ಹೇಳಿದೆ. ಕಡಿಯಲು ಏನಾದರೂ ಕೊಡುವುದಾದರೆ ಮೊದಲು ಹೆಬ್ಬೆರಳಿನ ಉಗುರಿನಿಂದ ಒತ್ತಿ ನೋಡಿ. ಗುರುತು ಬೀಳದಷ್ಟು ಗಟ್ಟಿಯಿದ್ದರೆ, ಕೊಂಬು, ಗೊರಸು, ಮೂಳೆ ಯಾವುದೇ ಆಗಲಿ, ಉಳಿದಿರುವ ಹಲ್ಲನ್ನೂ ಅದು ಸೀಳುತ್ತದೆ.